ಹಳೆಯ ಕಾರಿನ ದೇಖರೇಖೆ: ಮನೆಯಲ್ಲೇ ಮಾಡಿಕೊಳ್ಳಬಹುದಾದ ಕೆಲಸಗಳು

ಹದಿನೈದು ಇಪ್ಪತ್ತು ವರ್ಷ ದಾಟಿದ ಕಾರು ಕೈಕೊಡುವುದು ಹೆಚ್ಚು ಓಡಿದ್ದಕ್ಕಿಂತ ಹೆಚ್ಚು ವರ್ಷ ಕಂಡಿದ್ದಕ್ಕೆ. ರಬ್ಬರ್ ಹೋಸುಗಳು ಗಟ್ಟಿಯಾಗಿ ಬಿರಿಯುತ್ತವೆ, ವೈರಿನ ತುದಿಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ, ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ, ಇಂಜಿನ್ ತಣಿಸುವ ಕೂಲೆಂಟಿನಲ್ಲಿ ತುಕ್ಕು ತಡೆಯುವ ಅಂಶ ಖಾಲಿಯಾಗುತ್ತದೆ. ಕಾರು ಶೆಡ್ಡಿನಲ್ಲಿ ಸುಮ್ಮನೆ ನಿಂತಿದ್ದರೂ ಇವೆಲ್ಲ ನಡೆಯುತ್ತಲೇ ಇರುತ್ತವೆ. ಕಾರಿನ ಜೊತೆ ಬರುವ ಪುಸ್ತಕದಲ್ಲಿ ‘ಇಷ್ಟು ಕಿಲೋಮೀಟರ್ ಅಥವಾ ಇಷ್ಟು ತಿಂಗಳು’ ಎಂದು ಎರಡು ಲೆಕ್ಕ ಇರುತ್ತವೆ. ವರ್ಷಕ್ಕೆ ಮೂರು ನಾಲ್ಕು ಸಾವಿರ ಕಿ.ಮೀ. ಓಡುವ ಹಳೆಯ ಕಾರಿಗೆ ಎರಡನೆಯ ಲೆಕ್ಕವನ್ನೇ ಹಿಡಿಯಬೇಕು.

ಸಂಶಯ ಬಂದ ಪಾರ್ಟನ್ನೆಲ್ಲ ಬದಲಿಸುತ್ತಾ ಹೋಗುವುದು ಹಳೆಯ ಕಾರಿನ ವಿಷಯದಲ್ಲಿ ದುಡ್ಡು ಕಳೆಯುವ ದಾರಿ. ಕೆಟ್ಟಿದೆ ಎಂದು ಕಿತ್ತು ಎಸೆದ ಸೆಲ್ಫ್ ಮೋಟಾರು, ಬ್ಯಾಟರಿ ಚಾರ್ಜ್ ಮಾಡುವ ಡೈನಮೋ (ಆಲ್ಟರ್ನೇಟರ್), ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲ್‌ಗಳಲ್ಲಿ ಎಷ್ಟೋ ಸರಿಯಾಗಿಯೇ ಇರುತ್ತವೆ. ಕೆಟ್ಟಿರುವುದು ಅವುಗಳಿಗೆ ಹೋಗುವ ಒಂದು ಜಾಯಿಂಟ್. ಮೊದಲು ಅಳೆಯಿರಿ, ಆಮೇಲೆ ಬಿಚ್ಚಿ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ, ಓಡಿಸಿ ನೋಡಿ. ಪ್ಲಗ್, ಫಿಲ್ಟರ್, ಗಾಳಿ-ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರಿನ ಸೆಟ್ಟಿಂಗ್ ಮೂರನ್ನೂ ಒಂದೇ ದಿನ ಮುಟ್ಟಿದರೆ ಯಾವುದರಿಂದ ಸರಿಹೋಯಿತು, ಯಾವುದರಿಂದ ಹದಗೆಟ್ಟಿತು ಎಂಬುದು ಗೊತ್ತೇ ಆಗುವುದಿಲ್ಲ.

ಸಾಮಾನು ಮತ್ತು ಎಚ್ಚರ

8ರಿಂದ 19 ಮಿ.ಮೀ.ವರೆಗಿನ ರಿಂಗ್ ಸ್ಪಾನರ್‌ಗಳು, ಅದೇ ಅಳತೆಯ ಸಾಕೆಟ್‌ಗಳು, ಟಾರ್ಕ್ ರೆಂಚ್ (ಬಿಗಿತ ಅಳೆದು ಬಿಗಿಯುವುದು), ಮಲ್ಟಿಮೀಟರ್, ಫೀಲರ್ ಗೇಜ್ (ಗ್ಯಾಪ್ ಅಳೆಯುವ ತೆಳು ಪಟ್ಟಿಗಳು), ತಂತಿ ಬ್ರಷ್, ಎರಡು ಜಾಕ್ ಸ್ಟ್ಯಾಂಡ್: ಇಲ್ಲಿರುವ ಬಹುಪಾಲು ಕೆಲಸಕ್ಕೆ ಇಷ್ಟು ಸಾಕು. ಸಾಕೆಟ್ ಕೊಳ್ಳುವಾಗ ಹನ್ನೆರಡು ಮೂಲೆಯದು ಬೇಡ, ಆರು ಮೂಲೆಯದನ್ನೇ ಆರಿಸಿ. ತುಕ್ಕು ತಿಂದ ಬೋಲ್ಟಿನ ತಲೆಯನ್ನು ಹನ್ನೆರಡು ಮೂಲೆಯ ಸಾಕೆಟ್ ಮೂಲೆಗಳಲ್ಲಷ್ಟೇ ಹಿಡಿಯುವುದರಿಂದ ತಲೆ ಉರುಟಾಗಿಬಿಡುತ್ತದೆ. ಜಪಾನಿ ಮೂಲದ ಕಾರುಗಳ ಪ್ಲಸ್ ಸ್ಕ್ರೂಗಳು ನೋಡಲು ಮಾಮೂಲಿ ಫಿಲಿಪ್ಸ್ ಸ್ಕ್ರೂಗಳಂತೆಯೇ ಇರುತ್ತವೆ, ಆದರೆ ಅವು ಜೆಐಎಸ್ ಎಂಬ ಜಪಾನಿ ಮಾನದಂಡದವು. ಕಾರ್ಬ್ಯುರೇಟರಿನ ಸ್ಕ್ರೂಗಳು ಪದೇ ಪದೇ ಹಾಳಾಗುತ್ತಿದ್ದರೆ ನಿಮ್ಮ ಕೈಯ ತಪ್ಪಲ್ಲ, ಸ್ಕ್ರೂಡ್ರೈವರಿನ ಮೂತಿ ಸರಿಯಿಲ್ಲ.

ಜಾಕ್ ಇರುವುದು ಎತ್ತಲಿಕ್ಕೆ, ಹೊತ್ತು ನಿಲ್ಲಲಿಕ್ಕಲ್ಲ. ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಕೈಯನ್ನೂ ಚಾಚಬೇಡಿ. ಗಟ್ಟಿ ಸಮನೆಲ, ನೆಲದಲ್ಲೇ ಇರುವ ಚಕ್ರಗಳಿಗೆ ಎರಡೂ ಕಡೆ ಅಡ್ಡಗಲ್ಲು, ಚಾಸಿಯ ಗಟ್ಟಿ ಜಾಗಕ್ಕೆ ಸ್ಟ್ಯಾಂಡ್. ಹಳೆಯ ಕಾರಿನಲ್ಲಿ ಪುಸ್ತಕ ತೋರಿಸಿದ ಜಾಕಿಂಗ್ ಪಾಯಿಂಟೇ ತುಕ್ಕು ತಿಂದು ಟೊಳ್ಳಾಗಿರಬಹುದು. ಸ್ಕ್ರೂಡ್ರೈವರಿನ ಹಿಡಿಯಿಂದ ಕುಟ್ಟಿ ನೋಡಿ, ಮಂಕು ಸದ್ದು ಬಂದರೆ ಬೇರೆ ಜಾಗ ಹುಡುಕಿ. ವೀಲ್ ನಟ್ಟುಗಳನ್ನು ಚಕ್ರ ನೆಲದಲ್ಲಿದ್ದಾಗಲೇ ಅರ್ಧ ಸುತ್ತು ಸಡಿಲಿಸಿ ಆಮೇಲೆ ಎತ್ತಬೇಕು. ತಿರುಗಿ ಬಿಗಿಯುವಾಗ ಎದುರುಬದುರಿನ ನಟ್ಟುಗಳನ್ನು ಒಂದಾದ ಮೇಲೊಂದು ಬಿಗಿದು, 50–100 ಕಿ.ಮೀ. ಓಡಿಸಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಿ.

ಬ್ಯಾಟರಿ ಮತ್ತು ಅರ್ಥಿಂಗ್

ಹಳೆಯ ಕಾರಿನ ತೊಂದರೆಗಳನ್ನು ಹುಡುಕುವಾಗ ಮೊದಲು ನೋಡಬೇಕಾದ ಜಾಗ ಇದು. ಕಾರು ರಾತ್ರಿಯಿಡೀ ನಿಂತ ಮೇಲೆ ಮಲ್ಟಿಮೀಟರನ್ನು ಡಿ.ಸಿ. 20 ವೋಲ್ಟಿಗೆ ಇಟ್ಟು ಬ್ಯಾಟರಿಯ ಎರಡು ಕಂಬಗಳಿಗೆ ಹಿಡಿಯಿರಿ. 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್, 12.2 ಇದ್ದರೆ ಸುಮಾರು ಅರ್ಧ, 12ಕ್ಕಿಂತ ಕಡಿಮೆಯಾದರೆ ಖಾಲಿ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿ ಸೋತಿದೆ, ಆದರೆ ಪೂರ್ತಿ ಚಾರ್ಜ್ ಮಾಡಿದ ಮೇಲೆ ಅಳೆದಾಗ ಮಾತ್ರ ಈ ತೀರ್ಮಾನ ಸರಿ. ಇಂಜಿನ್ ಓಡುವಾಗ 13.8ರಿಂದ 14.5ರ ನಡುವೆ ಇರಬೇಕು. 13ರ ಆಸುಪಾಸಿನಲ್ಲೇ ನಿಂತರೆ ಬೆಲ್ಟ್ ಜಾರುತ್ತಿದೆ ಅಥವಾ ಡೈನಮೋ ಚಾರ್ಜ್ ಮಾಡುತ್ತಿಲ್ಲ. 15 ದಾಟಿದರೆ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಹೋಗಿದೆ, ಬ್ಯಾಟರಿಯ ನೀರನ್ನೆಲ್ಲ ಕುದಿಸಿಬಿಡುತ್ತದೆ.

ಬ್ಯಾಟರಿ ಚೆನ್ನಾಗಿದ್ದೂ ಸೆಲ್ಫ್ ‘ಟಕ್’ ಎಂದು ಸುಮ್ಮನಾಗುವುದು, ನಿಧಾನ ತಿರುಗುವುದು ಆದರೆ ಅರ್ಥಿಂಗನ್ನು, ಅಂದರೆ ಇಂಜಿನ್ ಮತ್ತು ಬಾಡಿಯಿಂದ ಕರೆಂಟು ಬ್ಯಾಟರಿಯ ನೆಗೆಟಿವಿಗೆ ಮರಳುವ ದಾರಿಯನ್ನು, ಹೀಗೆ ಪರೀಕ್ಷಿಸಿ. ಇಂಜಿನ್ ಸ್ಟಾರ್ಟ್ ಆಗದಂತೆ ಕಾಯಿಲಿಗೆ ಬರುವ ಸಣ್ಣ ವೈರನ್ನೋ ಇಂಧನ ಪಂಪಿನ ಫ್ಯೂಸನ್ನೋ ತೆಗೆಯಿರಿ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆ, ಕ್ಲಾಂಪಿನ ಮೇಲಲ್ಲ, ಕಂಬದ ಮೇಲೆಯೇ ಇಡಿ. ಇನ್ನೊಂದನ್ನು ಇಂಜಿನ್ ಬ್ಲಾಕಿನ ಶುಭ್ರ ಲೋಹಕ್ಕೆ. ಇನ್ನೊಬ್ಬರು ಸೆಲ್ಫ್ ಹೊಡೆಯಲಿ. ಮೀಟರ್ 0.2 ವೋಲ್ಟಿನೊಳಗೆ ತೋರಿಸಬೇಕು. ಅರ್ಧ ವೋಲ್ಟ್ ಅಥವಾ ಹೆಚ್ಚು ತೋರಿಸಿದರೆ ತಪ್ಪು ಅರ್ಥ್ ಪಟ್ಟಿಯಲ್ಲಿದೆ. ಲೆಕ್ಕ ಸರಳ: ಸೆಲ್ಫ್ 150 ಆಂಪಿಯರ್ ಎಳೆಯುವಾಗ ದಾರಿಯಲ್ಲಿ ಬರೀ 0.01 ಓಮ್ ತಡೆ ಇದ್ದರೂ ಒಂದೂವರೆ ವೋಲ್ಟ್ ಅಲ್ಲೇ ನಷ್ಟ. ಇಷ್ಟು ಸಣ್ಣ ತಡೆಯನ್ನು ಓಮ್ ಮೀಟರ್ ಹಿಡಿಯಲಾರದು, ಹಾಗಾಗಿ ‘ವೈರ್ ಕಂಟಿನ್ಯೂಟಿ ಇದೆ’ ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ.

ಇಂಜಿನ್ ಕುಳಿತಿರುವುದು ರಬ್ಬರಿನ ಮೇಲೆ. ಅದಕ್ಕೂ ಬಾಡಿಗೂ ನಡುವೆ ವಿದ್ಯುತ್ತಿನ ದಾರಿ ಎಂದರೆ ಆ ಒಂದು ಹೆಣೆದ ಪಟ್ಟಿ. ಅದು ಕಡಿದರೆ ಕರೆಂಟು ಆಕ್ಸಿಲರೇಟರ್ ಅಥವಾ ಕ್ಲಚ್ ಕೇಬಲ್ಲಿನ ಮೂಲಕ ಹರಿಯುತ್ತದೆ. ಸೆಲ್ಫ್ ಹೊಡೆದಾಗ ಕೇಬಲ್ ಬಿಸಿಯಾಗುತ್ತಿದ್ದರೆ, ಕೇಬಲ್ಲಿನ ಒಳಕೊಳವೆ ಕರಗಿ ಪೆಡಲ್ ಬಿಗಿಯಾಗುತ್ತಿದ್ದರೆ ಕಾರಣ ಇದೇ. ಪಟ್ಟಿಯ ಎರಡೂ ತುದಿ ಬಿಚ್ಚಿ, ಬಣ್ಣ ತುಕ್ಕು ಕೆರೆದು ಲೋಹ ಹೊಳೆಯುವಂತೆ ಮಾಡಿ, ಬಿಗಿದು, ಮೇಲೆ ವ್ಯಾಸಲೀನ್ ಸವರಿ. ಎಳೆಗಳು ಹಸಿರಾಗಿದ್ದರೆ ಹೊಸ ಪಟ್ಟಿಯನ್ನೇ ಹಾಕಿ.

ಬ್ಯಾಟರಿ ಕಂಬಗಳ ಬಿಳಿ-ನೀಲಿ ಪುಡಿಗೆ ಒಂದು ಲೋಟ ನೀರಿನಲ್ಲಿ ಒಂದು ಚಮಚ ಅಡುಗೆ ಸೋಡಾ ಕಲಸಿ ಹಾಕಿದರೆ ನೊರೆಯೆದ್ದು ಕರಗುತ್ತದೆ. ಸೆಲ್ ಮುಚ್ಚಳಗಳು ಬಿಗಿಯಾಗಿರಲಿ, ಸೋಡಾ ಒಳಗೆ ಹೋಗಬಾರದು. ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ. ನೆಗೆಟಿವ್ ಇದ್ದಂತೆಯೇ ಪಾಸಿಟಿವ್ ಬಿಚ್ಚಲು ಹೋಗಿ ಸ್ಪಾನರ್ ಬಾಡಿಗೆ ತಾಗಿದರೆ ನೇರ ಶಾರ್ಟ್.

ಎರಡು ದಿನ ನಿಲ್ಲಿಸಿದರೆ ಬ್ಯಾಟರಿ ಇಳಿಯುತ್ತದೆಯೇ? ಎಲ್ಲ ಆಫ್ ಮಾಡಿ, ಬಾಗಿಲು ಮುಚ್ಚಿ, ನೆಗೆಟಿವ್ ಕೇಬಲ್ ಬಿಚ್ಚಿ ಕಂಬಕ್ಕೂ ಕೇಬಲ್ಲಿಗೂ ನಡುವೆ ಮೀಟರನ್ನು 10 ಆಂಪಿಯರ್ ರೇಂಜಿನಲ್ಲಿ ಸೇರಿಸಿ. 50 ಮಿಲಿಆಂಪಿಯರ್‌ಗಿಂತ ಹೆಚ್ಚಿದ್ದರೆ ಒಂದೊಂದೇ ಫ್ಯೂಸ್ ಕೀಳುತ್ತಾ ಹೋಗಿ. ಯಾವುದನ್ನು ಕಿತ್ತಾಗ ಇಳಿಯುತ್ತದೋ ಆ ಸರ್ಕ್ಯೂಟಿನಲ್ಲಿ ಕಳ್ಳನಿದ್ದಾನೆ. ಡಿಕ್ಕಿಯ ಲೈಟು, ಹೊರಗಿನವರು ಜೋಡಿಸಿದ ಸ್ಟೀರಿಯೋ, ಅಲಾರಂ: ಈ ಮೂರನ್ನು ಮೊದಲು ನೋಡಿ. ಯಾವ ಫ್ಯೂಸ್ ಕಿತ್ತರೂ ಇಳಿಯದಿದ್ದರೆ ಡೈನಮೋದ ದಪ್ಪ ವೈರ್ ಬಿಚ್ಚಿ ನೋಡಿ, ಒಳಗಿನ ಡಯೋಡ್ ಹೋಗಿರಬಹುದು. ಮೀಟರ್ ಹೀಗೆ ಸೇರಿಸಿದ್ದಾಗ ಅಪ್ಪಿತಪ್ಪಿಯೂ ಸೆಲ್ಫ್ ಹೊಡೆಯಬಾರದು, ಮೀಟರ್ ಸುಡುತ್ತದೆ.

ಬ್ರೇಕ್ ಒತ್ತಿದಾಗ ಇಂಡಿಕೇಟರ್ ಮಂಕಾಗಿ ಹೊಳೆಯುವುದು, ಇಂಡಿಕೇಟರ್ ಹಾಕಿದಾಗ ಪಾರ್ಕಿಂಗ್ ಲೈಟು ಮಿಣುಕುವುದು ಇವೆಲ್ಲ ಹಿಂದಿನ ಲ್ಯಾಂಪಿನ ಅರ್ಥ್ ಕೆಟ್ಟ ಲಕ್ಷಣ. ಫ್ಯೂಸ್ ಸುಟ್ಟರೆ ಅದೇ ಆಂಪಿಯರಿನದನ್ನೇ ಹಾಕಿ: ಬ್ಲೇಡ್ ಫ್ಯೂಸ್‌ಗಳಲ್ಲಿ ಕೆಂಪು 10, ನೀಲಿ 15, ಹಳದಿ 20, ಹಸಿರು 30. ದೊಡ್ಡದು ಹಾಕಿದರೆ ಮುಂದಿನ ಸಲ ಸುಡುವುದು ವೈರಿಂಗ್.

ಇಂಜಿನ್ ಆಯಿಲ್

5,000ದಿಂದ 10,000 ಕಿ.ಮೀ. ಅಥವಾ ವರ್ಷಕ್ಕೊಮ್ಮೆ, ಯಾವುದು ಮೊದಲೋ ಅದು. ಐದು ನಿಮಿಷದಲ್ಲಿ ಮುಗಿಯುವ ಸಣ್ಣ ಓಡಾಟವೇ ಹೆಚ್ಚಾದರೆ ಇನ್ನೂ ಬೇಗ, ಏಕೆಂದರೆ ಇಂಜಿನ್ ಪೂರ್ತಿ ಬಿಸಿಯಾಗದೆ ಒಳಗಿನ ತೇವವೂ ಪೆಟ್ರೋಲೂ ಆಯಿಲಿನಲ್ಲೇ ಉಳಿಯುತ್ತವೆ. ಗ್ರೇಡ್ ಪುಸ್ತಕ ಹೇಳಿದ್ದನ್ನೇ ಹಾಕಿ. ‘ಹಳೆಯ ಇಂಜಿನ್ ಅಲ್ಲವೇ, ದಪ್ಪ ಆಯಿಲ್ ಹಾಕಿ’ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ಸವೆದ ಇಂಜಿನ್ ಸ್ವಲ್ಪ ದಿನ ಮೌನವಾಗಬಹುದು, ಆದರೆ ತಣ್ಣಗೆ ಸ್ಟಾರ್ಟ್ ಮಾಡಿದಾಗ ದಪ್ಪ ಆಯಿಲ್ ಮೇಲಿನ ಕ್ಯಾಮ್‌ಶಾಫ್ಟ್ ತಲುಪಲು ತಡವಾಗುತ್ತದೆ.

1. ಇಂಜಿನನ್ನು ಐದರಿಂದ ಹತ್ತು ನಿಮಿಷ ಓಡಿಸಿ ಆರಿಸಿ. ಕೈ ಸುಡದಷ್ಟು ಬೆಚ್ಚಗಿರಲಿ. ಮೇಲೆ ಆಯಿಲ್ ಹಾಕುವ ಮುಚ್ಚಳ ತೆರೆದಿಡಿ.
2. ಡ್ರೇನ್ ಬೋಲ್ಟ್ ಬಿಚ್ಚಿ. ಕೊನೆಯ ಸುತ್ತುಗಳಲ್ಲಿ ಬೋಲ್ಟನ್ನು ಒಳಕ್ಕೆ ಒತ್ತಿ ಹಿಡಿದು ತಿರುಗಿಸಿ, ಒಮ್ಮೆಲೇ ಹೊರಕ್ಕೆ ಎಳೆಯಿರಿ. ಆಯಿಲ್ ಹತ್ತು ಹದಿನೈದು ನಿಮಿಷ ಪೂರ್ತಿ ಇಳಿಯಲಿ.
3. ಫಿಲ್ಟರ್ ಬಿಚ್ಚಿದ ಕೂಡಲೇ ಅದರ ರಬ್ಬರ್ ರಿಂಗ್ ಫಿಲ್ಟರಿನಲ್ಲೇ ಬಂತೇ ನೋಡಿ. ಇಂಜಿನಿಗೆ ಅಂಟಿಕೊಂಡ ಹಳೆಯ ರಿಂಗಿನ ಮೇಲೆ ಹೊಸ ಫಿಲ್ಟರ್ ಕೂರಿಸಿದರೆ ಸ್ಟಾರ್ಟ್ ಮಾಡಿದ ನಿಮಿಷದಲ್ಲಿ ಆಯಿಲೆಲ್ಲ ನೆಲಕ್ಕೆ.
4. ಹೊಸ ರಿಂಗಿಗೆ ಬೆರಳಲ್ಲಿ ಆಯಿಲ್ ಸವರಿ, ಫಿಲ್ಟರ್ ತಾಗಿದ ಮೇಲೆ ಕೈಯಿಂದಲೇ ಮುಕ್ಕಾಲು ಸುತ್ತು ಬಿಗಿಯಿರಿ. ಸ್ಪಾನರ್ ಬೇಡ.
5. ಡ್ರೇನ್ ಬೋಲ್ಟಿಗೆ ಹೊಸ ವಾಷರ್. ಬಿಗಿತ ಹಲವು ಕಾರುಗಳಲ್ಲಿ 25–40 ನ್ಯೂಟನ್ ಮೀಟರ್. ನಿಮ್ಮದರ ಅಂಕಿಯನ್ನು ಪುಸ್ತಕದಲ್ಲಿ ನೋಡಿ. ಅಲ್ಯೂಮಿನಿಯಂ ಸಂಪಿನ (ಇಂಜಿನಿನ ತಳದಲ್ಲಿ ಆಯಿಲ್ ನಿಲ್ಲುವ ಪಾತ್ರೆ) ಥ್ರೆಡ್ ಹಾಳಾಗುವುದು ಇಲ್ಲೇ, ಅದೂ ‘ಇನ್ನೊಂದು ಸ್ವಲ್ಪ’ ಬಿಗಿದಾಗ.
6. ಸಣ್ಣ ನಾಲ್ಕು ಸಿಲಿಂಡರ್ ಇಂಜಿನಿಗೆ 3ರಿಂದ 4 ಲೀಟರ್ ಹಿಡಿಯುತ್ತದೆ. ಹೇಳಿದ್ದಕ್ಕಿಂತ ಅರ್ಧ ಲೀಟರ್ ಕಡಿಮೆ ಹಾಕಿ ಸ್ಟಾರ್ಟ್ ಮಾಡಿ. ಆಯಿಲ್ ದೀಪ ಕೆಲವೇ ಸೆಕೆಂಡುಗಳಲ್ಲಿ ಆರಬೇಕು, ಆರದಿದ್ದರೆ ತಕ್ಷಣ ನಿಲ್ಲಿಸಿ. ಒಂದು ನಿಮಿಷ ಓಡಿಸಿ, ಆರಿಸಿ, ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ ಉಳಿದದ್ದನ್ನು ಸೇರಿಸಿ.

ಮೇಲಿನ ಗುರುತು ದಾಟಿಸುವುದು ಕಡಿಮೆ ಹಾಕಿದಷ್ಟೇ ಕೆಟ್ಟದ್ದು. ಒಳಗೆ ತಿರುಗುವ ಕ್ರ್ಯಾಂಕ್ ಆಯಿಲನ್ನು ಕಡೆದು ನೊರೆ ಮಾಡುತ್ತದೆ, ನೊರೆಗೆ ಬೇರಿಂಗ್ ಕಾಯುವ ಶಕ್ತಿಯಿಲ್ಲ. ತೆಗೆದ ಆಯಿಲನ್ನು ಮುಚ್ಚಿದ ಡಬ್ಬಿಯಲ್ಲಿ ಹಳೆಯ ಆಯಿಲ್ ಸಂಗ್ರಹಿಸುವವರಿಗೆ ಕೊಡಿ. ಮಣ್ಣಿಗೂ ಚರಂಡಿಗೂ ಸುರಿಯಬಾರದು.

ಸೋರಿಕೆ ಹಳೆಯ ಇಂಜಿನಿನ ಹುಟ್ಟುಗುಣ ಎಂದು ಬಿಡುವ ಮುನ್ನ ಪಿಸಿವಿ ವಾಲ್ವ್ ನೋಡಿ. ಇಂಜಿನಿನ ಒಳಗಿನ ಅನಿಲವನ್ನು ಗಾಳಿ ಒಳಬರುವ ದಾರಿಯಾದ ಇನ್‌ಟೇಕಿಗೆ ಎಳೆದುಕೊಳ್ಳುವ ಈ ಪುಟ್ಟ ವಾಲ್ವ್ ಮಸಿ ಹಿಡಿದು ಮುಚ್ಚಿಹೋದರೆ ಒಳಗೆ ಒತ್ತಡ ಏರಿ, ಇರುವ ಸೀಲುಗಳಿಂದೆಲ್ಲ ಆಯಿಲ್ ಹೊರಗೆ ಬರುತ್ತದೆ. ಕಿತ್ತು ಅಲುಗಾಡಿಸಿದರೆ ಒಳಗೆ ಗಲಗಲ ಎನ್ನಬೇಕು. ಇಂಜಿನ್ ಐಡಲ್‌ನಲ್ಲಿದ್ದಾಗ ಆಯಿಲ್ ಮುಚ್ಚಳ ತೆಗೆದು ಆ ಬಾಯಿಗೆ ಒಂದು ಹಾಳೆ ಹಿಡಿದರೆ ಹಾಳೆಯನ್ನು ಒಳಕ್ಕೆ ಮೆಲ್ಲಗೆ ಎಳೆಯಬೇಕು. ಹಾಳೆಯನ್ನು ಜೋರಾಗಿ ಹೊರಕ್ಕೆ ತಳ್ಳುತ್ತಿದ್ದರೆ ವಾಲ್ವ್ ಮುಚ್ಚಿದೆ, ಇಲ್ಲವೇ ಪಿಸ್ಟನ್ ರಿಂಗ್ ಸವೆದಿದೆ. ವಾಲ್ವ್ ಬದಲಿಸದೆ ಸೀಲ್ ಬದಲಿಸಿದರೆ ಹೊಸ ಸೀಲೂ ಸೋರುತ್ತದೆ.

ಸೋರುವ ಜಾಗ ಹುಡುಕಲು ಇಂಜಿನನ್ನು ಡೀಗ್ರೀಸರ್ ಹಾಕಿ ತೊಳೆದು ಒಣಗಿಸಿ, ಟಾಲ್ಕಂ ಪೌಡರ್ ಎರಚಿ, ಹತ್ತು ಹದಿನೈದು ಕಿ.ಮೀ. ಓಡಿಸಿ ಬನ್ನಿ. ಒದ್ದೆ ಕಲೆಯ ಅತಿ ಮೇಲಿನ ಬಿಂದುವೇ ಮೂಲ. ಕೆಳಗಿನ ಸಂಪ್ ಸೋರುತ್ತಿದೆ ಎನಿಸುವುದು ಎಷ್ಟೋ ಸಲ ಮೇಲಿನ ವಾಲ್ವ್ ಕವರ್ ಗ್ಯಾಸ್ಕೆಟಿನಿಂದ ಇಳಿದು ಬಂದದ್ದು. ಆ ಗ್ಯಾಸ್ಕೆಟ್ ಕಾರ್ಕಿನದಾದರೆ ಬೋಲ್ಟುಗಳನ್ನು ಎಳೆದೆಳೆದು ಬಿಗಿಯಬೇಡಿ, ಕಾರ್ಕ್ ಸೀಳಿ ಇನ್ನಷ್ಟು ಸೋರುತ್ತದೆ.

ಕೂಲೆಂಟ್

ಬಿಸಿ ಇಂಜಿನಿನ ರೇಡಿಯೇಟರ್ ಮುಚ್ಚಳ ತೆರೆಯಬಾರದು. ಮುಚ್ಚಳದ ಸ್ಪ್ರಿಂಗ್ ಒಳಗೆ ಸುಮಾರು 0.9 ಬಾರ್ ಒತ್ತಡ ಹಿಡಿದಿರುವುದರಿಂದಲೇ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ತೆರೆದ ಕ್ಷಣ ಅದು ಕುದಿದು ಮುಖಕ್ಕೆ ಹಾರುತ್ತದೆ. ಅದೇ ಕಾರಣಕ್ಕೆ, ಮುಚ್ಚಳದ ರಬ್ಬರ್ ಬಿರಿದಿದ್ದರೆ ಬೇರೆಲ್ಲ ಸರಿಯಿದ್ದೂ ಕಾರು ಕುದಿಯುತ್ತದೆ. ಬಿಸಿಯಾಗುವ ತೊಂದರೆಗೆ ಮೊದಲು ಬದಲಿಸಬಹುದಾದ ಅಗ್ಗದ ಪಾರ್ಟ್ ಇದು.

ಗ್ಲೈಕಾಲ್ ಕೂಲೆಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ. ನಲ್ಲಿ ನೀರು, ಬೋರ್ ನೀರು ಹಾಕಿದರೆ ಅದರ ಸುಣ್ಣದಂಶ ರೇಡಿಯೇಟರಿನ ಕೊಳವೆಗಳಲ್ಲಿ ಕಟ್ಟಿಕೊಳ್ಳುತ್ತದೆ. ಹಳೆಯ ಮಾದರಿಯ ಹಸಿರು ಕೂಲೆಂಟನ್ನು ಎರಡು ವರ್ಷಕ್ಕೊಮ್ಮೆ ಬದಲಿಸಿ. ಬೇರೆ ಬೇರೆ ಮಾದರಿಗಳನ್ನು ಬೆರೆಸಬೇಡಿ, ಬಣ್ಣ ಒಂದೇ ಇದ್ದ ಮಾತ್ರಕ್ಕೆ ಮಾದರಿ ಒಂದೇ ಎಂದಲ್ಲ. ಚೆಲ್ಲಿದ್ದನ್ನು ಆಗಲೇ ತೊಳೆಯಿರಿ: ಎಥಿಲೀನ್ ಗ್ಲೈಕಾಲ್ ಸಿಹಿ, ನಾಯಿ ಬೆಕ್ಕುಗಳು ನೆಕ್ಕುತ್ತವೆ, ಅದು ಅವಕ್ಕೆ ವಿಷ.

ಬದಲಿಸುವುದು ಹೀಗೆ. ತಣ್ಣಗಿರುವಾಗ ರೇಡಿಯೇಟರಿನ ಕೆಳಗಿನ ಕೊಳಾಯಿ ಅಥವಾ ಕೆಳಹೋಸ್ ಬಿಚ್ಚಿ ಖಾಲಿ ಮಾಡಿ. ಶುದ್ಧ ನೀರು ತುಂಬಿ ಹತ್ತು ನಿಮಿಷ ಓಡಿಸಿ, ತಣಿಯಲು ಬಿಟ್ಟು ಮತ್ತೆ ಖಾಲಿ ಮಾಡಿ; ಬರುವ ನೀರು ತಿಳಿಯಾಗುವ ತನಕ ಹೀಗೇ. ಹೀಟರ್ ಇದ್ದರೆ ಅದರ ಗುಂಡಿ ಪೂರ್ತಿ ಬಿಸಿಯ ಕಡೆ ಇರಲಿ, ಇಲ್ಲದಿದ್ದರೆ ಹೀಟರಿನಲ್ಲಿರುವ ಹಳೆಯ ನೀರು ಅಲ್ಲೇ ಉಳಿಯುತ್ತದೆ. ತೊಳೆದ ಮೇಲೂ ಇಂಜಿನ್ ಬ್ಲಾಕಿನಲ್ಲಿ ಒಂದಷ್ಟು ಬರೀ ನೀರು ಉಳಿದಿರುತ್ತದೆ, ಹಾಗಾಗಿ ಮೊದಲು ಒಟ್ಟು ಹಿಡಿತದ ಅರ್ಧದಷ್ಟು ನೀರು ಬೆರೆಸದ ಕೂಲೆಂಟ್ ಹಾಕಿ, ಆಮೇಲೆ ಜಾಗ ತುಂಬುವಷ್ಟು ಡಿಸ್ಟಿಲ್ಡ್ ವಾಟರ್. ಮುಚ್ಚಳ ತೆರೆದೇ ಸ್ಟಾರ್ಟ್ ಮಾಡಿ. ಇಂಜಿನ್ ಬಿಸಿಯಾದ ಮೇಲೆ ನೀರನ್ನು ರೇಡಿಯೇಟರಿಗೆ ಬಿಡುವ ಥರ್ಮೋಸ್ಟಾಟ್ ತೆರೆದಾಗ (ಸಾಮಾನ್ಯವಾಗಿ 82 ಅಥವಾ 88 ಡಿಗ್ರಿ) ಮಟ್ಟ ಒಮ್ಮೆಲೇ ಇಳಿಯುತ್ತದೆ, ಗುಳ್ಳೆ ಬರುತ್ತವೆ. ಗುಳ್ಳೆ ನಿಲ್ಲುವ ತನಕ ತುಂಬಿ ಮುಚ್ಚಿ. ಒಳಗೆ ಗಾಳಿ ಉಳಿದರೆ ಗೇಜಿನ ಮುಳ್ಳು ಏರಿಳಿಯುತ್ತದೆ, ಹೀಟರ್ ತಣ್ಣಗಿನ ಗಾಳಿ ಊದುತ್ತದೆ.

ಥರ್ಮೋಸ್ಟಾಟ್ ಕಿತ್ತೆಸೆದರೆ ಕಾರು ಕುದಿಯುವುದಿಲ್ಲ ಎಂದು ಹೇಳುವವರಿದ್ದಾರೆ. ಆಮೇಲೆ ಇಂಜಿನ್ ತನ್ನ ಬಿಸಿಗೆ ಬರುವುದೇ ಇಲ್ಲ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ. ಸಂಶಯವಿದ್ದರೆ ಬಿಚ್ಚಿ ಬಿಸಿನೀರಿನ ಪಾತ್ರೆಯಲ್ಲಿ ದಾರ ಕಟ್ಟಿ ಇಳಿಬಿಡಿ. ನೀರು ಕುದಿಬರುವ ಮೊದಲೇ ತೆರೆದುಕೊಂಡರೆ ಅದು ಸರಿಯಿದೆ.

ಟ್ರಾಫಿಕ್ಕಿನಲ್ಲಿ ಮಾತ್ರ ಬಿಸಿಯಾಗಿ, ಓಡುವಾಗ ಇಳಿದರೆ ಫ್ಯಾನ್ ಕಡೆ ನೋಡಿ. ರೇಡಿಯೇಟರಿನಲ್ಲಿ ಎರಡು ವೈರಿನ ಥರ್ಮೋ ಸ್ವಿಚ್ ಇರುವ ಕಾರಿನಲ್ಲಿ ಆ ಎರಡು ವೈರುಗಳನ್ನು ಜೋಡಿಸಿ, ಇಗ್ನಿಷನ್ ಆನ್ ಮಾಡಿ. ಫ್ಯಾನ್ ತಿರುಗಿದರೆ ಸ್ವಿಚ್ ಹೋಗಿದೆ. ತಿರುಗದಿದ್ದರೆ ಫ್ಯೂಸ್, ರಿಲೇ, ಮೋಟಾರ್. ಓಡುವಾಗಲೇ ಬಿಸಿಯಾದರೆ ರೇಡಿಯೇಟರ್ ಕಟ್ಟಿದೆ ಅಥವಾ ವಾಟರ್ ಪಂಪ್ ಸೋತಿದೆ. ಹೊರಗೆಲ್ಲೂ ಸೋರದೆ ಕೂಲೆಂಟ್ ಕಡಿಮೆಯಾಗುತ್ತಾ ಹೋದರೆ, ಬಿಸಿಯಾದ ಮೇಲೂ ಸೈಲೆನ್ಸರಿನಲ್ಲಿ ಬಿಳಿ ಹೊಗೆ ನಿಲ್ಲದಿದ್ದರೆ, ಆಯಿಲ್ ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ. ಓಡಿಸದೆ ಗ್ಯಾರೇಜಿಗೆ ಸಾಗಿಸಿ. ಆಯಿಲ್ ಮುಚ್ಚಳದ ಅಡಿಯಲ್ಲಿ ಮಾತ್ರ ಸ್ವಲ್ಪ ಕೆನೆಯಿದ್ದು ಡಿಪ್‌ಸ್ಟಿಕ್ ಶುಭ್ರವಾಗಿದ್ದರೆ ಗಾಬರಿ ಬೇಡ, ಅದು ಸಣ್ಣ ಓಡಾಟದ ತೇವ.

ಬ್ರೇಕ್

ಬ್ರೇಕ್ ಕೆಲಸ ಕಷ್ಟವೇನಲ್ಲ, ಆದರೆ ಅರ್ಧ ಮಾಡಿ ಬಿಡುವ ಕೆಲಸವಲ್ಲ. ಒಂದು ಹಂತ ಅರ್ಥವಾಗದಿದ್ದರೆ ಅಲ್ಲಿಗೇ ನಿಲ್ಲಿಸಿ ತಿಳಿದವರನ್ನು ಕರೆಯಿರಿ.

ಬ್ರೇಕ್ ಆಯಿಲ್ ತೇವ ಹೀರುತ್ತದೆ, ತೇವ ಹೀರಿದಷ್ಟೂ ಬೇಗ ಕುದಿಯುತ್ತದೆ. ಡಾಟ್ 4 ಗ್ರೇಡಿನ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿಯಲ್ಲಿ ಕುದಿಯಬೇಕು, ತೇವ ಹೀರಿದ್ದಕ್ಕೆ 155 ಡಿಗ್ರಿ ಸಾಕೆಂದು ಮಾನದಂಡವಿದೆ. ಡಾಟ್ 3ಕ್ಕೆ 205 ಮತ್ತು 140. ಉದ್ದನೆಯ ಘಾಟಿ ಇಳಿಯುವಾಗ ಆಯಿಲ್ ಕುದಿದು ಆವಿಯಾದರೆ ಪೆಡಲ್ ನೆಲಕ್ಕೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ, ಮೊಹರು ಒಡೆದು ಬಹಳ ದಿನವಾದ ಡಬ್ಬಿ ಬೇಡ. ಡಾಟ್ 5 ಎಂಬುದು ಸಿಲಿಕೋನ್, ಉಳಿದವುಗಳ ಜೊತೆ ಬೆರೆಸಬಾರದು, ಡಾಟ್ 5.1 ಬೇರೆಯದೇ, ಅದು ಡಾಟ್ 4ರ ಜಾತಿಯದು. ಬ್ರೇಕ್ ಆಯಿಲ್ ಪೇಂಟ್ ತಿನ್ನುತ್ತದೆ, ಬಿದ್ದ ಕೂಡಲೇ ನೀರು ಸುರಿಯಿರಿ.

ಇಬ್ಬರಿದ್ದರೆ ಬ್ಲೀಡಿಂಗ್, ಅಂದರೆ ಹಳೆಯ ಆಯಿಲನ್ನೂ ಗಾಳಿಯನ್ನೂ ಹೊರಗೆ ತೆಗೆಯುವುದು, ಸುಲಭ. ಪೆಡಲಿನ ಒತ್ತಡವನ್ನು ಆಯಿಲಿಗೆ ಕೊಡುವ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಶುರು (ಕೆಲವು ಕಾರುಗಳಲ್ಲಿ ಕ್ರಮ ಬೇರೆ, ಪುಸ್ತಕ ನೋಡಿ). ಆ ಚಕ್ರದ ಬ್ರೇಕಿನಲ್ಲಿ ಆಯಿಲ್ ಹೊರಬಿಡಲು ಇರುವ ನಿಪ್ಪಲ್ಲಿಗೆ ಪಾರದರ್ಶಕ ಪೈಪ್ ಸಿಕ್ಕಿಸಿ, ಇನ್ನೊಂದು ತುದಿಯನ್ನು ಸ್ವಲ್ಪ ಬ್ರೇಕ್ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಿ. ಒಬ್ಬರು ಪೆಡಲ್ ಒತ್ತಿ ಹಿಡಿಯಲಿ, ಇನ್ನೊಬ್ಬರು ನಿಪ್ಪಲ್ ಕಾಲು ಸುತ್ತು ತೆರೆದು ಮುಚ್ಚಲಿ, ಮುಚ್ಚಿದ ಮೇಲೆಯೇ ಪೆಡಲ್ ಬಿಡಬೇಕು. ಹೊಸ ತಿಳಿ ಆಯಿಲ್ ಗುಳ್ಳೆಯಿಲ್ಲದೆ ಬರುವ ತನಕ ಮಾಡಿ. ಮಾಸ್ಟರ್ ಸಿಲಿಂಡರಿನ ಮೇಲಿನ ಆಯಿಲ್ ಡಬ್ಬಿ ಖಾಲಿಯಾಗಲು ಬಿಟ್ಟರೆ ಮೊದಲಿನಿಂದ ಮಾಡಬೇಕು.

ಹಳೆಯ ಕಾರಿನಲ್ಲಿ ಒಂದು ವಿಶೇಷ ಎಚ್ಚರ. ದಿನನಿತ್ಯ ಪೆಡಲ್ ಅರ್ಧದ ತನಕ ಮಾತ್ರ ಹೋಗುವುದರಿಂದ ಮಾಸ್ಟರ್ ಸಿಲಿಂಡರಿನ ಕೊನೆಯ ಭಾಗ ವರ್ಷಗಟ್ಟಲೆ ಬಳಕೆಯಾಗದೆ ತುಕ್ಕು, ಗಸಿ ಹಿಡಿದಿರುತ್ತದೆ. ಬ್ಲೀಡ್ ಮಾಡುವಾಗ ಪೆಡಲ್ ನೆಲದವರೆಗೆ ತುಳಿದರೆ ರಬ್ಬರ್ ಸೀಲು ಆ ಒರಟು ಜಾಗಕ್ಕೆ ಉಜ್ಜಿ ಹರಿಯುತ್ತದೆ. ನಿನ್ನೆ ಸರಿಯಿದ್ದ ಬ್ರೇಕ್ ಆಯಿಲ್ ಬದಲಿಸಿದ ಮೇಲೆ ಕೆಡುವುದು ಹೀಗೆ. ಪೆಡಲಿನ ಅಡಿಗೆ ಒಂದು ಮರದ ತುಂಡು ಇಟ್ಟುಕೊಂಡೇ ಬ್ಲೀಡ್ ಮಾಡಿ.

ಪ್ಯಾಡಿನ ಉಜ್ಜುವ ಭಾಗ 3 ಮಿ.ಮೀ.ಗೆ ಬಂದರೆ ಬದಲಿಸುವ ಹೊತ್ತು. ಒಳಗಿನ ಪ್ಯಾಡನ್ನೂ ನೋಡಿ, ಹೊರಗಿನದು ಚೆನ್ನಾಗಿದ್ದು ಒಳಗಿನದು ಲೋಹ ತಲುಪಿರುವುದುಂಟು. ಹಾಗೆ ಒಂದೇ ಸವೆದಿದ್ದರೆ ಪ್ಯಾಡುಗಳನ್ನು ಒತ್ತುವ ಕ್ಯಾಲಿಪರಿನ ಸ್ಲೈಡ್ ಪಿನ್ನುಗಳು ಹಿಡಿದಿವೆ. ಬಿಚ್ಚಿ, ಒರೆಸಿ, ಬ್ರೇಕಿಗೆಂದೇ ಇರುವ ಸಿಲಿಕೋನ್ ಗ್ರೀಸ್ ಹಚ್ಚಿ. ಮಾಮೂಲಿ ಗ್ರೀಸ್ ರಬ್ಬರನ್ನು ಊದಿಸಿ ಮತ್ತೆ ಹಿಡಿಯುವಂತೆ ಮಾಡುತ್ತದೆ. ಹೊಸ ಪ್ಯಾಡಿಗೆ ಜಾಗ ಮಾಡಲು ಪಿಸ್ಟನನ್ನು ಒಳಕ್ಕೆ ಒತ್ತುವಾಗ ಮೇಲಿನ ಡಬ್ಬಿ ಉಕ್ಕಬಹುದು, ಮೊದಲೇ ಸ್ವಲ್ಪ ಹೀರಿ ತೆಗೆಯಿರಿ. ಕ್ಯಾಲಿಪರನ್ನು ಹೋಸಿನಲ್ಲಿ ನೇತುಬಿಡದೆ ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿ. ಎಲ್ಲ ಮುಗಿದ ಮೇಲೆ, ಕಾರು ಅಲುಗಿಸುವ ಮುನ್ನ, ಪೆಡಲ್ ಗಟ್ಟಿಯಾಗುವ ತನಕ ನಿಧಾನವಾಗಿ ತುಳಿಯಿರಿ. ಇದನ್ನು ಮರೆತರೆ ಮೊದಲ ಬ್ರೇಕಿಗೆ ಏನೂ ಸಿಗುವುದಿಲ್ಲ.

ಬ್ರೇಕ್ ಹಾಕಿದಾಗ ಕಾರು ಒಂದು ಕಡೆ ಎಳೆದು, ಬಿಟ್ಟ ಮೇಲೂ ಒಂದು ಚಕ್ರ ಬಿಸಿಯಾಗಿಯೇ ಇದ್ದರೆ ಎಲ್ಲರೂ ಕ್ಯಾಲಿಪರನ್ನು ದೂರುತ್ತಾರೆ. ರಬ್ಬರ್ ಹೋಸ್ ಒಳಗೆ ಊದಿ ಮುಚ್ಚಿಕೊಂಡಿರಬಹುದು: ಒತ್ತಡ ಹೋಗಲು ಬಿಡುತ್ತದೆ, ವಾಪಸ್ ಬರಲು ಬಿಡುವುದಿಲ್ಲ. ಆ ಚಕ್ರ ಹಿಡಿದಿರುವಾಗಲೇ ನಿಪ್ಪಲ್ ತೆರೆಯಿರಿ. ತಕ್ಷಣ ಸಡಿಲವಾದರೆ ತಪ್ಪು ಹೋಸಿನದು ಅಥವಾ ಅದಕ್ಕೂ ಮೇಲಿನದು, ಸಡಿಲವಾಗದಿದ್ದರೆ ಕ್ಯಾಲಿಪರಿನದು. ಡ್ರಮ್ಮಿನೊಳಗಿನ ಪುಡಿಯನ್ನು ಊದಬೇಡಿ, ಹಳೆಯ ಶೂಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಬ್ರೇಕ್ ಕ್ಲೀನರಿನಿಂದ ನೆನೆಸಿ ಒರೆಸಿ.

ಪ್ಲಗ್, ಪಾಯಿಂಟ್, ಪೆಟ್ರೋಲ್

ಪ್ಲಗ್‌ಗಳನ್ನು ತಣ್ಣಗಿನ ಇಂಜಿನಿನಲ್ಲಿ ಒಂದೊಂದಾಗಿ ಬಿಚ್ಚಿ, ಯಾವ ಸಿಲಿಂಡರಿನದು ಯಾವುದು ಎಂದು ಗುರುತಿಡಿ. ತಿಳಿ ಕಂದು ಇದ್ದರೆ ಎಲ್ಲ ಸರಿ. ಒಣ ಕಪ್ಪು ಮಸಿ ಎಂದರೆ ಪೆಟ್ರೋಲ್ ಹೆಚ್ಚು ಅಥವಾ ಏರ್ ಫಿಲ್ಟರ್ ಕಟ್ಟಿದೆ. ಜಿಡ್ಡು ಕಪ್ಪು ಎಂದರೆ ಆಯಿಲ್ ಮೇಲೆ ಬರುತ್ತಿದೆ. ಸುಣ್ಣದಂತೆ ಬಿಳಿಯಾಗಿ ಗುಳ್ಳೆ ಎದ್ದಿದ್ದರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ ಅಥವಾ ಕಿಡಿಯ ಟೈಮಿಂಗ್ ಮುಂದಿದೆ, ಇದು ಅಪಾಯದ್ದು. ನಾಲ್ಕರಲ್ಲಿ ಒಂದೇ ಬೇರೆ ಬಣ್ಣದ್ದಾದರೆ ತೊಂದರೆ ಆ ಸಿಲಿಂಡರಿನದು, ಕಾರ್ಬ್ಯುರೇಟರಿನದಲ್ಲ. ಪ್ಲಗ್ಗಿನ ಗ್ಯಾಪ್, ಪಾಯಿಂಟ್ (ಕಿಡಿಗಾಗಿ ಕಾಯಿಲಿನ ಕರೆಂಟು ಕಡಿಯುವ ಸ್ವಿಚ್) ಇರುವ ಕಾರುಗಳಲ್ಲಿ ಸುಮಾರು 0.7–0.8 ಮಿ.ಮೀ., ಎಲೆಕ್ಟ್ರಾನಿಕ್ ಇಗ್ನಿಷನ್ ಇದ್ದರೆ ಹಲವು ಕಾರುಗಳಲ್ಲಿ 1.0–1.1. ಹಾಕುವಾಗ ಕೈಯಿಂದಲೇ ಪೂರ್ತಿ ತಿರುಗಿಸಿ, ವಾಷರ್ ಇರುವ ಹೊಸ ಪ್ಲಗ್ ಕೂತ ಮೇಲೆ ಅರ್ಧ ಸುತ್ತಿನಿಂದ ಮೂರರಲ್ಲಿ ಎರಡು ಸುತ್ತು. ಅಲ್ಯೂಮಿನಿಯಂ ಹೆಡ್ಡಿಗೆ ಓರೆಯಾಗಿ ಹತ್ತಿಸಿದರೆ ಥ್ರೆಡ್ ಹೋಯಿತು.

ಪಾಯಿಂಟ್ ಇರುವ ಕಾರಿನಲ್ಲಿ ಪಾಯಿಂಟಿನ ಗ್ಯಾಪ್ ಹೆಚ್ಚಾಗಿ 0.4–0.5 ಮಿ.ಮೀ. ಗ್ಯಾಪ್ ಮುಟ್ಟಿದರೆ ಟೈಮಿಂಗೂ ಬದಲಾಗುತ್ತದೆ, ಹಾಗಾಗಿ ಗ್ಯಾಪ್ ಮೊದಲು, ಟೈಮಿಂಗ್ ಆಮೇಲೆ. ಪಾಯಿಂಟ್ ಬೇಗ ಬೇಗ ಸುಡುತ್ತಿದ್ದರೆ ಅದಕ್ಕೆ ಜೋಡಿಸಿರುವ ಕಂಡೆನ್ಸರ್ ಬದಲಿಸಿ. ಪಾಯಿಂಟ್ ತೆರೆಯುವ ಕ್ಯಾಮಿಗೆ ಒಂದು ಚುಕ್ಕೆ ಗ್ರೀಸ್ ಇಲ್ಲದಿದ್ದರೆ ಅದಕ್ಕೆ ಉಜ್ಜುವ ಪಾಯಿಂಟಿನ ಹಿಮ್ಮಡಿ ಸವೆದು ಗ್ಯಾಪ್ ಮುಚ್ಚಿಕೊಳ್ಳುತ್ತದೆ.

ಐಡಲ್ (ಆಕ್ಸಿಲರೇಟರ್ ಒತ್ತದಿದ್ದಾಗಿನ ಇಂಜಿನಿನ ಓಟ) ಏರಿಳಿಯುತ್ತಿದ್ದರೆ ಕಾರ್ಬ್ಯುರೇಟರ್ ಬಿಚ್ಚುವ ಮುನ್ನ ವ್ಯಾಕ್ಯೂಮ್ ಹೋಸುಗಳನ್ನು ನೋಡಿ. ಸ್ಪ್ರೇ ಬಾಟಲಿಯಿಂದ ಹೋಸಿನ ತುದಿಗಳಿಗೂ ಇನ್‌ಟೇಕ್ ಗ್ಯಾಸ್ಕೆಟಿಗೂ ನೀರಿನ ತುಂತುರು ಹಾಕಿ. ಎಲ್ಲಿ ಇಂಜಿನಿನ ಸದ್ದು ಬದಲಾಗುತ್ತದೋ ಅಲ್ಲಿ ಗಾಳಿ ಕದಿಯುತ್ತಿದೆ. ವೈರುಗಳ ಕಡೆ ನೀರು ಹೋಗದಿರಲಿ.

ಪೆಟ್ರೋಲ್ ಹೋಸುಗಳ ವಿಷಯದಲ್ಲಿ ಉಳಿತಾಯ ಬೇಡ. ಎಥನಾಲ್ ಬೆರೆತ ಪೆಟ್ರೋಲಿಗೆ ಹಳೆಯ ರಬ್ಬರ್ ಮೆತ್ತಗಾಗಿ ಬಿರಿಯುತ್ತದೆ. ವಾಸನೆ ಬಂದರೆ, ಬಾಗಿಸಿದಾಗ ಬಿರುಕು ಕಂಡರೆ ಎಥನಾಲ್ ತಾಳುವ ಹೋಸನ್ನು ಟ್ಯಾಂಕಿನಿಂದ ಇಂಜಿನಿನವರೆಗೆ ಪೂರ್ತಿ ಬದಲಿಸಿ, ಕ್ಲಿಪ್ಪುಗಳನ್ನೂ ಹೊಸದು ಹಾಕಿ. ಇಂಜೆಕ್ಷನ್ ಕಾರಿನಲ್ಲಿ ಲೈನ್ ಬಿಚ್ಚುವ ಮುನ್ನ ಪಂಪಿನ ಫ್ಯೂಸ್ ಕಿತ್ತು ಇಂಜಿನ್ ತಾನಾಗಿ ನಿಲ್ಲುವ ತನಕ ಓಡಿಸಿ ಒತ್ತಡ ಇಳಿಸಿ, ಆಮೇಲೆ ಬ್ಯಾಟರಿ ಬಿಚ್ಚಿ. ಫಿಲ್ಟರಿನ ಬಾಣ ಇಂಜಿನಿನ ಕಡೆ.

ಟಯರ್, ತುಕ್ಕು, ಹಿಡಿದ ಬೋಲ್ಟ್

ಟಯರ್ ಪಕ್ಕದಲ್ಲಿ ಡಾಟ್ ಎಂಬ ಗುರುತಿನ ಸಾಲಿನ ಕೊನೆಯ ನಾಲ್ಕು ಅಂಕಿ ವಾರ ಮತ್ತು ವರ್ಷ: 2319 ಎಂದರೆ 2019ರ 23ನೇ ವಾರ. ಹತ್ತು ವರ್ಷವಾದದ್ದು ಗ್ರಿಪ್ ಎಷ್ಟಿದ್ದರೂ ತೆಗೆಯಬೇಕು, ಸ್ಟೆಪ್ನಿಯೂ ಸೇರಿ. ಎರಡೂ ಅಂಚು ಸವೆದರೆ ಗಾಳಿ ಕಡಿಮೆ, ನಡುವೆ ಸವೆದರೆ ಹೆಚ್ಚು, ಒಂದೇ ಅಂಚಾದರೆ ಅಲೈನ್‌ಮೆಂಟ್, ಅಲ್ಲಲ್ಲಿ ಹಳ್ಳ ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್.

ಬಾಗಿಲ ಕೆಳಅಂಚಿನಲ್ಲಿ, ಮೆಟ್ಟಿಲ ಪಟ್ಟಿಯ ಅಡಿಯಲ್ಲಿ, ಗಾಜಿನ ಮುಂದಿನ ಜಾಲರಿಯ ಒಳಗೆ ನೀರು ಹೊರಹೋಗುವ ತೂತುಗಳಿರುತ್ತವೆ. ಎಲೆ, ಮಣ್ಣು ತುಂಬಿ ಮುಚ್ಚಿದರೆ ತಗಡು ಒಳಗಿನಿಂದ ಕೊಳೆಯುತ್ತದೆ, ಹೊರಗೆ ಗುಳ್ಳೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಮಳೆಗಾಲಕ್ಕೆ ಮುಂಚೆ ಮೆತ್ತನೆಯ ತಂತಿಯಿಂದ ಬಿಡಿಸಿ. ಕಾರ್ಪೆಟ್ ಒದ್ದೆಯಾಗಿದ್ದರೆ ಮುಟ್ಟಿ ನೋಡಿ: ಜಿಡ್ಡು, ಸಿಹಿ ವಾಸನೆ ಇದ್ದರೆ ಅದು ಮಳೆನೀರಲ್ಲ, ಹೀಟರಿನ ಕೂಲೆಂಟ್.

ಹಿಡಿದ ಬೋಲ್ಟಿಗೆ ಮೊದಲ ಮದ್ದು ತಾಳ್ಮೆ. ತಂತಿ ಬ್ರಷ್ಷಿನಿಂದ ಉಜ್ಜಿ, ತುಕ್ಕು ಬಿಡಿಸುವ ಪೆನೆಟ್ರೇಟಿಂಗ್ ಆಯಿಲ್ ಹಾಕಿ ರಾತ್ರಿಯಿಡೀ ಬಿಡಿ. ತಲೆಗೆ ಸುತ್ತಿಗೆಯಿಂದ ನಾಲ್ಕು ಏಟು ಹಾಕಿ, ಮೊದಲು ಕೂದಲೆಳೆಯಷ್ಟು ಬಿಗಿಯುವ ಕಡೆ ಅಲುಗಿಸಿ, ಆಮೇಲೆ ಬಿಚ್ಚಿ. ಬರಲು ಶುರುವಾಗಿ ಮತ್ತೆ ಬಿಗಿಯಾದರೆ ಎಳೆಯಬೇಡಿ. ಹಿಂದಕ್ಕೆ ತಿರುಗಿಸಿ, ಆಯಿಲ್ ಹಾಕಿ, ಮುಂದಕ್ಕೂ ಹಿಂದಕ್ಕೂ ಆಡಿಸುತ್ತಾ ಬನ್ನಿ. ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಸ್ಟಡ್‌ಗಳು ಮುರಿಯುವುದೇ ಹೆಚ್ಚು, ಬೇರೆ ದಾರಿಯಿಲ್ಲದಿದ್ದರೆ ಮಾತ್ರ ಮುಟ್ಟಿ.

ಮುಟ್ಟದೆ ಬಿಡಬೇಕಾದವೂ ಇವೆ. ಸಸ್ಪೆನ್ಷನ್ ಸ್ಪ್ರಿಂಗ್, ಏರ್‌ಬ್ಯಾಗ್, ಎ.ಸಿ. ಗ್ಯಾಸ್ ಮೂರೂ ಒಳಗೆ ಕೂಡಿಟ್ಟ ಶಕ್ತಿಯಿಂದ ಗಾಯ ಮಾಡುತ್ತವೆ. ವಾಲ್ವುಗಳನ್ನು ಪಿಸ್ಟನ್ನಿನ ಲಯಕ್ಕೆ ನಡೆಸುವ ಟೈಮಿಂಗ್ ಬೆಲ್ಟ್ ಗಾಯ ಮಾಡುವುದಿಲ್ಲ, ಇಂಜಿನನ್ನು ಕೊಲ್ಲುತ್ತದೆ: ಹಲವು ಇಂಜಿನ್‌ಗಳಲ್ಲಿ ಬೆಲ್ಟ್ ಕಡಿದರೆ ತೆರೆದ ವಾಲ್ವಿಗೆ ಪಿಸ್ಟನ್ ಬಡಿಯುತ್ತದೆ. ಕಾರು ಮಾದರಿಗೆ ತಕ್ಕಂತೆ 60,000ದಿಂದ 1,00,000 ಕಿ.ಮೀ. ಎಂಬ ಲೆಕ್ಕವಿದೆ, ಜೊತೆಗೆ ವರ್ಷದ ಮಿತಿಯೂ ಇರುತ್ತದೆ. ಹಿಂದಿನ ಮಾಲೀಕರು ಬದಲಿಸಿದ ಬಿಲ್ಲು ಕೈಯಲ್ಲಿಲ್ಲದಿದ್ದರೆ ಬದಲಿಸಿಲ್ಲ ಎಂದೇ ತಿಳಿದು, ಟೆನ್ಷನರ್ ಬೇರಿಂಗನ್ನೂ, ಬೆಲ್ಟಿನಿಂದಲೇ ತಿರುಗುವ ವಾಟರ್ ಪಂಪಿದ್ದರೆ ಅದನ್ನೂ ಒಟ್ಟಿಗೇ ಹಾಕಿಸಿ.